ಕರೆಂಟ್ ಹೋದರೆ ಮನೆಯೊಳಗಿನ ಗಿಡ ಸಾಯುತ್ತದೆಯೇ? ಬ್ಯಾಟರಿ ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

ಬಿಸಿಲು ಬೀಳದ ಮನೆಗಳಲ್ಲಿ ಗಿಡ ಬೆಳೆಸಲು ಈಗ ಅನೇಕರು ಗ್ರೋ ಲೈಟ್ ಬಳಸುತ್ತಾರೆ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಶುರುವಾದರೆ ಒಂದು ಭಯವೂ ಶುರುವಾಗುತ್ತದೆ: ದೀಪ ಆರಿದರೆ ಗಿಡದ ಗತಿಯೇನು? ಬ್ಯಾಟರಿ ಬ್ಯಾಕಪ್ ಬೇಕೇ ಬೇಕೇ?

ಮೊದಲು ಗಿಡದ ಕಡೆಯಿಂದ ನೋಡೋಣ

ಗಿಡ ಬೆಳಕಿನಲ್ಲಿ ಆಹಾರ ತಯಾರಿಸಿ, ಅದರ ಒಂದು ಭಾಗವನ್ನು ಪಿಷ್ಟದ ರೂಪದಲ್ಲಿ ಕೂಡಿಡುತ್ತದೆ. ಕತ್ತಲಲ್ಲಿ ಅದನ್ನೇ ಬಳಸಿ ಬದುಕುತ್ತದೆ. ಪ್ರತಿ ರಾತ್ರಿ ನಡೆಯುವುದೂ ಇದೇ. ಹಾಗಾಗಿ ಎರಡು-ನಾಲ್ಕು ಗಂಟೆ ಕರೆಂಟ್ ಹೋದರೆ ಯಾವ ಗಿಡವೂ ಸಾಯುವುದಿಲ್ಲ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂಥವು ಕೆಲವು ದಿನಗಳ ಮಂದ ಬೆಳಕನ್ನೂ ತಡೆದುಕೊಳ್ಳುತ್ತವೆ. ಕರೆಂಟ್ ಬಂದ ಮೇಲೆ ದೀಪವನ್ನು ಅಷ್ಟೇ ಹೊತ್ತು ಹೆಚ್ಚು ಉರಿಸಿದರೆ ಸಾಕು. ಇದಕ್ಕೆ ಹೆಚ್ಚುವರಿ ಖರ್ಚೇ ಇಲ್ಲ.

ಆದರೆ ರಾತ್ರಿಯಿಡೀ ಉರಿಸಬೇಡಿ. ಕತ್ತಲೂ ಗಿಡಕ್ಕೆ ಒಂದು ಸೂಚನೆ. ಸೇವಂತಿಗೆ ಹೂ ಬಿಡುವುದು ರಾತ್ರಿ ದೀರ್ಘವಾದಾಗ. ಬೆಳೆಗಾರರು ರಾತ್ರಿ ಹೊತ್ತು ಹೊಲದಲ್ಲಿ ಬಲ್ಬ್ ಉರಿಸುವುದು, ಹೂವು ಬೇಗ ಬರದಂತೆ ತಡೆಯಲಿಕ್ಕೇ.

ಹಾಗಾದರೆ ಬ್ಯಾಕಪ್ ಯಾರಿಗೆ ಬೇಕು?

ಕಿಟಕಿಯೇ ಇಲ್ಲದ ಕೋಣೆಯಲ್ಲಿ ಸಸಿ ಮಾಡುವವರಿಗೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರದ ಮಲೆನಾಡಿನಂಥ ಕಡೆ ಇರುವವರಿಗೆ ಬೇಕಾಗಬಹುದು. ಎಳೆಯ ಸಸಿಗಳು ಎರಡು-ಮೂರು ದಿನ ಕತ್ತಲಲ್ಲಿದ್ದರೆ ಬಿಳಿಚಿಕೊಂಡು, ಉದ್ದುದ್ದ ಬೆಳೆದು ಬಾಗುತ್ತವೆ. ಕಿಟಕಿ ಇದ್ದರೆ ಕುಂಡವನ್ನು ಅಲ್ಲಿಗೆ ಸರಿಸುವುದೇ ಸುಲಭ ಉಪಾಯ.

ನೀರಿನಲ್ಲೇ ಬೇರು ಬಿಡುವ ಹೈಡ್ರೋಪೋನಿಕ್ಸ್ ಮಾಡಿದ್ದರೆ ಲೆಕ್ಕ ಬೇರೆ. ಅಲ್ಲಿ ಬೆಳಕಿಗಿಂತ ಮೊದಲು ಗಾಳಿಯ ಪಂಪ್‌ಗೆ ಬ್ಯಾಟರಿ ಕೊಡಿ. ಸೆಕೆಯಲ್ಲಿ ನೀರಿನ ಆಮ್ಲಜನಕ ಕಡಿಮೆಯಾದರೆ ಬೇರು ಬೇಗ ಹಾಳಾಗುತ್ತದೆ.

ಎಷ್ಟು ಬ್ಯಾಟರಿ ಸಾಕು?

ವೋಲ್ಟ್ ಅನ್ನು ಎಎಚ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಅದನ್ನು ದೀಪದ ವ್ಯಾಟ್‌ನಿಂದ ಭಾಗಿಸಿದರೆ ಎಷ್ಟು ಗಂಟೆ ಉರಿಯುತ್ತದೆಂದು ತಿಳಿಯುತ್ತದೆ.

• ಪವರ್ ಬ್ಯಾಂಕ್: 20,000 ಎಂಎಎಚ್ ಎಂದರೆ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ನಷ್ಟ ಕಳೆದು ಸುಮಾರು 45 ಕೈಗೆ ಸಿಕ್ಕರೂ, 5 ವ್ಯಾಟ್‌ನ ಯುಎಸ್‌ಬಿ ಗ್ರೋ ಲೈಟ್ 9 ಗಂಟೆ ಉರಿಯುತ್ತದೆ. ನಾಲ್ಕೈದು ಕುಂಡಕ್ಕೆ ಇದೇ ಅಗ್ಗದ ದಾರಿ.

• ಯುಪಿಎಸ್‌ನ 12 ವೋಲ್ಟ್, 7 ಎಎಚ್ ಬ್ಯಾಟರಿ: 84 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ. ಹಾಗಾಗಿ 10 ವ್ಯಾಟ್‌ನ 12 ವೋಲ್ಟ್ ಎಲ್ಇಡಿ ಸುಮಾರು 4 ಗಂಟೆ ಉರಿಯುತ್ತದೆ.

• ಮನೆಯಲ್ಲಿ ಇನ್ವರ್ಟರ್ ಇದ್ದರೆ ಬೇರೇನೂ ಕೊಳ್ಳಬೇಡಿ. 150 ಎಎಚ್ ಬ್ಯಾಟರಿಗೆ 10 ವ್ಯಾಟ್ ದೀಪ ಒಂದು ಹೊರೆಯೇ ಅಲ್ಲ.

'ಕರೆಂಟ್ ಹೋದರೂ 4 ಗಂಟೆ ಉರಿಯುವ 9 ವ್ಯಾಟ್ ಬಲ್ಬ್' ಗಿಡಕ್ಕೆ ಸಾಲದು. ಅದರೊಳಗಿನ ಸೆಲ್ 2,200 ಎಂಎಎಚ್ ಇದ್ದರೆ ಒಟ್ಟು 8 ವ್ಯಾಟ್-ಅವರ್ ಮಾತ್ರ. ಅದು 4 ಗಂಟೆ ಬರಬೇಕಾದರೆ 2 ವ್ಯಾಟ್‌ನಲ್ಲಿ ಉರಿಯಬೇಕು. ಓಡಾಡಲು ಸಾಕು, ಎಲೆಗೆ ಸಾಲದು. ನೇರಳೆ ಬಣ್ಣದ ದೀಪವೇ ಆಗಬೇಕೆಂದಿಲ್ಲ; ಗಿಡಕ್ಕೆ ಬೇಕಾದ ಕೆಂಪು, ನೀಲಿ ಎರಡೂ ಬಿಳಿ ಎಲ್ಇಡಿಯಲ್ಲಿವೆ. ದೀಪವನ್ನು ಎಲೆಯ ಹತ್ತಿರ, ಒಂದು ಅಡಿಯೊಳಗೆ ಇಡಿ.

ಇದನ್ನು ಮಾತ್ರ ಮಾಡಬೇಡಿ

ಹಳೆಯ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಜೋಡಿಸುವ ವಿಡಿಯೊ ನೋಡಿ ಪ್ರಯೋಗಿಸಬೇಡಿ. ರಕ್ಷಣಾ ಸರ್ಕ್ಯೂಟ್ ಇಲ್ಲದ ಲಿಥಿಯಂ ಸೆಲ್ ಬೆಂಕಿ ಹೊತ್ತಿಕೊಳ್ಳಬಹುದು. ಕಾರಿನ ಬ್ಯಾಟರಿಯನ್ನು ಮುಚ್ಚಿದ ಕೋಣೆಯಲ್ಲಿ ಚಾರ್ಜ್ ಮಾಡಬೇಡಿ, ಅದರಿಂದ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. 12 ವೋಲ್ಟ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಬ್ಯಾಟರಿಯನ್ನು ಕುಂಡದ ಕೆಳಗಿಡಬೇಡಿ, ನೀರು ಹನಿಯುತ್ತದೆ.

ಬ್ಯಾಕಪ್ ಇಲ್ಲದಿದ್ದರೆ ಗಿಡ ಸಾಯುತ್ತದೆ ಎನ್ನುವ ಜಾಹೀರಾತು ಬಂದರೆ ಎರಡೇ ಪ್ರಶ್ನೆ ಕೇಳಿ: ನಮ್ಮಲ್ಲಿ ಕರೆಂಟ್ ಹೋಗುವುದು ಎಷ್ಟು ಹೊತ್ತು? ಈ ಬ್ಯಾಟರಿ ಎಷ್ಟು ವ್ಯಾಟ್-ಅವರ್? ಬಹಳಷ್ಟು ಮನೆಗಳಲ್ಲಿ ಮೊದಲ ಪ್ರಶ್ನೆಗೇ ಖರ್ಚು ಉಳಿಯುತ್ತದೆ.