ಜೀವವಿಮೆಯ ಜೊತೆಗೆ ಆರೋಗ್ಯ ವಿಮೆ: ಏಜೆನ್ಸಿ ಬೆಳೆಸುವ ಮುನ್ನ



ಜೀವವಿಮೆ ಏಜೆನ್ಸಿ ನಡೆಸುತ್ತಿರುವ ನಮ್ಮ ಓದುಗ ಅಕ್ಕತಂಗಿಯರು ಈಚೆಗೆ ಪದೇಪದೇ ಒಂದೇ ಮಾತು ಕೇಳುತ್ತಿದ್ದಾರೆ. “ಪಾಲಿಸಿ ಮಾಡಿಸಿದ ಮನೆಯವರೇ ಆರೋಗ್ಯ ವಿಮೆಯೂ ಬೇಕು ಅಂತಾರೆ. ಅದನ್ನೂ ಶುರು ಮಾಡಬಹುದೇ? ಮನೆಗೆಲಸದ ನಡುವೆ ಆದೀತೇ?”

ಖಂಡಿತ ಆಗುತ್ತದೆ. ಆದರೆ ಎರಡೂ ವಿಮೆಯೇ ಆದರೂ ಎರಡರ ಸ್ವಭಾವ ಬೇರೆ. ರೊಟ್ಟಿ ತಟ್ಟಲು ಬರುವವಳಿಗೆ ಹೋಳಿಗೆಯೂ ಬಂದೀತು, ಆದರೆ ಹದ ಬೇರೆ ತಾನೇ? ಹಾಗೆಯೇ ಇದು.

ಮೊದಲು ಕಾನೂನಿನ ಮಾತು. 2016ರ ನಿಯಮದ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಆರೋಗ್ಯ ವಿಮೆ ಮಾತ್ರ ಮಾಡುವ ಒಂದು ಕಂಪನಿ, ಹೀಗೆ ಬೇರೆಬೇರೆ ಬಗೆಯ ಒಂದೊಂದು ಕಂಪನಿಗೆ ಕೆಲಸ ಮಾಡಬಹುದು. ಒಂದೇ ಬಗೆಯ ಎರಡು ಕಂಪನಿಗೆ ಮಾತ್ರ ಇಲ್ಲ. ಹಾಗಾಗಿ ಈಗಿನ ಏಜೆನ್ಸಿ ಬಿಡಬೇಕಾಗಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು. ಹೊಸ ಕಂಪನಿಗೆ ಅರ್ಜಿ ಕೊಟ್ಟು, ಆ ವಿಷಯದ ಪರೀಕ್ಷೆ ಮುಗಿಸಿದರೆ ನೇಮಕ ಸಿಗುತ್ತದೆ. ಪುಸ್ತಕ ಮುಚ್ಚಿ ಇಪ್ಪತ್ತು ವರ್ಷವಾಯಿತಲ್ಲ ಎಂದು ಹೆದರಬೇಡಿ. ಮಧ್ಯಾಹ್ನದ ಒಂದು ಗಂಟೆ ಇದಕ್ಕೆ ಮೀಸಲಿಟ್ಟರೆ ಆಯಿತು.

ಇನ್ನು ಸಂಪಾದನೆ. ಜೀವವಿಮೆಯಲ್ಲಿ ಮೊದಲ ವರ್ಷದ ಕಮಿಷನ್ ಹೆಚ್ಚು, ಆಮೇಲೆ ಇಳಿಯುತ್ತದೆ. ಆರೋಗ್ಯ ವಿಮೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸುವಂಥದು. ಪ್ರತಿ ನವೀಕರಣಕ್ಕೂ ನಿಮ್ಮ ಪಾಲಿಗೆ ಅಷ್ಟಿಷ್ಟು ಬರುತ್ತದೆ. ದರ ಕಂಪನಿಯಿಂದ ಕಂಪನಿಗೆ ಬೇರೆ. ಸೇರುವ ಮೊದಲೇ ವಿಚಾರಿಸಿ, ಬರಹದಲ್ಲಿ ಪಡೆದುಕೊಳ್ಳಿ. ಈಗ ಜನರಿಗೂ ಒಂದು ಅನುಕೂಲವಿದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜೀವವಿಮೆ ಮಾಡಿಸಿದ ಮನೆಯಲ್ಲಿ ಹಣ ಕೇಳುವ ಸಂದರ್ಭ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಆರೋಗ್ಯ ವಿಮೆಯಲ್ಲಿ ಹಾಗಲ್ಲ. ಇಂದು ಪಾಲಿಸಿ ಕೊಟ್ಟವರು ಬರುವ ವರ್ಷವೇ ಆಸ್ಪತ್ರೆಯಿಂದ ಫೋನ್ ಮಾಡಬಹುದು, ಅದೂ ನಡುರಾತ್ರಿ. ಅಂದು ನೀವು ಆಡಿದ ಮಾತು ನಿಜವೋ ಸುಳ್ಳೋ ಎಂಬುದು ಬಿಲ್ ಕೌಂಟರಿನಲ್ಲಿ ಗೊತ್ತಾಗುತ್ತದೆ.

ನಮ್ಮ ಊರಿನ ಕಡೆ ಹೀಗೇ ಆಯಿತು. ಏಜೆಂಟ್ ಒಬ್ಬಾಕೆ ಮನೆಯ ಯಜಮಾನರ ಸಕ್ಕರೆ ಕಾಯಿಲೆ ವಿಷಯವನ್ನು ಅರ್ಜಿಯಲ್ಲಿ ಬರೆಯಲಿಲ್ಲ. “ಬರೆದರೆ ಕಂತು ಜಾಸ್ತಿಯಾಗುತ್ತೆ, ಯಾಕೆ ಸುಮ್ಮನೆ” ಅಂದರಂತೆ. ಎರಡನೇ ವರ್ಷ ಅವರು ಕಾಲಿನ ಗಾಯಕ್ಕೆ ಆಸ್ಪತ್ರೆ ಸೇರಿದರು. ವೈದ್ಯರ ಹಳೆಯ ಚೀಟಿಯಲ್ಲಿ ಆರು ವರ್ಷದ ಸಕ್ಕರೆ ಕಾಯಿಲೆ ಎಂದಿತ್ತು. ಕಂಪನಿ ಹಣ ಕೊಡಲಿಲ್ಲ. ಮಗಳ ಮದುವೆಗೆಂದು ಮಾಡಿಸಿಟ್ಟ ಬಳೆ ಅಡವಿಗೆ ಹೋದವು. ಆ ಬೀದಿಯಲ್ಲಿ ಆಕೆಗೆ ಮತ್ತೆ ಯಾರೂ ಜೀವವಿಮೆಯನ್ನೂ ಕೊಡಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಆದ್ದರಿಂದ ಅರ್ಜಿ ತುಂಬುವಾಗ ಬಿ.ಪಿ., ಸಕ್ಕರೆ, ಥೈರಾಯ್ಡ್, ಹಿಂದೆ ಆದ ಆಪರೇಷನ್, ಎಲ್ಲವನ್ನೂ ಕೇಳಿ ಬರೆಯಿರಿ. ಗಂಡಸರು ಮರೆತದ್ದನ್ನು ಅವರ ಹೆಂಡತಿ ನೆನಪಿಸುತ್ತಾರೆ, ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ 36 ತಿಂಗಳು. ಮೊದಲು ಇದು 48 ಇತ್ತು. ನಿಜ ಹೇಳಿ ಮೂರು ವರ್ಷ ಕಾದವರಿಗೆ ಆಮೇಲೆ ನೆಮ್ಮದಿ. ಮುಚ್ಚಿಟ್ಟವರಿಗೆ ಪ್ರತಿ ವರ್ಷವೂ ಎದೆ ಡವಡವ.

ಎರಡನೆಯದು ಕೋಣೆಯ ಬಾಡಿಗೆ. ಇದನ್ನು ಜನರಿಗೆ ಲೆಕ್ಕ ಹಾಕಿ ತೋರಿಸಿ. ಕೆಲವು ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ಮಿತಿ ಇರುತ್ತದೆ. ರೋಗಿ 8,000ದ ಕೋಣೆ ಹಿಡಿದರು ಅನ್ನಿ. ಹೆಚ್ಚಿನ 3,000 ಮಾತ್ರ ಕೈಯಿಂದ ಕೊಟ್ಟರಾಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ವೈದ್ಯರ ಶುಲ್ಕ, ಆಪರೇಷನ್ ಕೋಣೆ ಮುಂತಾದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಇರಬಹುದು. ಆ ಖರ್ಚು 80,000 ಆಗಿದ್ದರೆ ಎಂಟರಲ್ಲಿ ಐದು ಪಾಲು, ಅಂದರೆ 50,000 ಮಾತ್ರ ಸಿಗುತ್ತದೆ. ಉಳಿದ 30,000 ಮನೆಯವರ ಮೇಲೆ. ಈ ಒಂದು ಲೆಕ್ಕ ಮೊದಲೇ ಹೇಳಿದ ಏಜೆಂಟಳನ್ನು ಜನ ಮರೆಯುವುದಿಲ್ಲ.

ಇನ್ನು ಕೆಲವು ಮಾತು, ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ:

1. ಅಪಘಾತ ಬಿಟ್ಟರೆ ಮೊದಲ 30 ದಿನ ಸಾಮಾನ್ಯವಾಗಿ ಹಣ ಸಿಗದು. ಕಣ್ಣಿನ ಪೊರೆ, ಹರ್ನಿಯಾ, ಗರ್ಭಕೋಶದ ಆಪರೇಷನ್‌ನಂಥವಕ್ಕೂ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಹೆಂಗಸರಿಗೆ ಇದನ್ನು ತಪ್ಪದೆ ತಿಳಿಸಿ.

2. ವಯಸ್ಸು ಏರಿದಂತೆ ಕಂತೂ ಏರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿ.

3. ನವೀಕರಣದ ತಾರೀಖುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ವರ್ಷದ ಕಂತಿಗೆ 30 ದಿನದ ರಿಯಾಯಿತಿ ಇದ್ದರೂ ಆ ನಡುವೆ ಕಾಯಿಲೆ ಬಿದ್ದರೆ ವಿಮೆಯನ್ನು ನಂಬುವಂತಿಲ್ಲ.

4. ಪಾಲಿಸಿ ಕೈಗೆ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 30 ದಿನ ಇದೆ. ಇದನ್ನು ನೀವೇ ಹೇಳಿದರೆ ನಂಬಿಕೆ ಹೆಚ್ಚುತ್ತದೆ.

5. “ನಿಮ್ಮ ಕಮಿಷನ್‌ನಲ್ಲಿ ನಮಗಿಷ್ಟು ಬಿಡಿ” ಅನ್ನುವವರಿಗೆ ನಗುತ್ತಲೇ ಇಲ್ಲವೆನ್ನಿ. 1938ರ ವಿಮಾ ಕಾಯ್ದೆಯ 41ನೇ ಕಲಮು ಅದನ್ನು ನಿಷೇಧಿಸಿದೆ.

6. ಕಂಪನಿ ನ್ಯಾಯವಾದ ಹಣ ಕೊಡದಿದ್ದರೆ, ಮೊದಲು ಅವರಿಗೇ ಲಿಖಿತ ದೂರು ಕೊಡಿಸಿ. ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಬರೆಸಿ. ಶುಲ್ಕವಿಲ್ಲ, ವಕೀಲರೂ ಬೇಡ.

ಒಮ್ಮೆಗೇ ಐವತ್ತು ಮನೆ ಹತ್ತಬೇಡಿ. ನಿಮ್ಮನ್ನು ಬಲ್ಲ ಹತ್ತು ಮನೆಯಿಂದ ಪ್ರಾರಂಭಿಸಿ, ಒಂದು ವರ್ಷ ಅವರ ಕಷ್ಟಸುಖ ನೋಡಿಕೊಳ್ಳಿ. ಹನ್ನೊಂದನೆಯ ಮನೆಯವರು ತಾವಾಗಿ ಹುಡುಕಿಕೊಂಡು ಬರುತ್ತಾರೆ. ರಾತ್ರಿ ಫೋನ್ ಬಂದರೆ ಎದ್ದು ಮಾತಾಡಲು ಆಗದು ಎನ್ನಿಸಿದರೆ ಮಾತ್ರ ಈ ಕೆಲಸ ಬೇಡ. ಜೀವವಿಮೆಯೊಂದನ್ನೇ ಚೆನ್ನಾಗಿ ನಡೆಸಿಕೊಂಡು ಹೋಗಿ, ಅದರಲ್ಲಿ ಕೊರತೆಯೇನಿಲ್ಲ.