ರಾತ್ರಿಯ ರೈಲಿಗೆ ಸುತ್ತುದಾರಿಯೇ ಸರಿ

ಬೆಂಗಳೂರು–ಮಂಗಳೂರು ರೈಲಿನ ಮಾತು ಬಂದಾಗಲೆಲ್ಲ ಒಂದೇ ವಾದ ಕೇಳಿಬರುತ್ತದೆ: ಹತ್ತಿರದ ದಾರಿ ಇರುವಾಗ ಮೈಸೂರು ಸುತ್ತಿ ಹೋಗುವ ಗಾಡಿ ಯಾಕೆ? 2017ರಲ್ಲಿ ಕುಣಿಗಲ್–ಶ್ರವಣಬೆಳಗೊಳ ಮಾರ್ಗ ಪೂರ್ತಿಯಾದ ಮೇಲೆ ಈ ವಾದಕ್ಕೆ ಇನ್ನಷ್ಟು ಬಲ ಬಂದಿದೆ. ಆ ದಾರಿಯಲ್ಲಿ ಬೆಂಗಳೂರಿನಿಂದ ಹಾಸನ 200 ಕಿ.ಮೀ.ಗಿಂತ ಕಡಿಮೆ, ಮೈಸೂರಿನ ಮೇಲೆ ಹೋದರೆ 250 ದಾಟುತ್ತದೆ. ಲೆಕ್ಕ ಸರಿಯೇ. ಅದರಿಂದ ತೆಗೆದ ತೀರ್ಮಾನದ ಬಗ್ಗೆ ನನ್ನ ತಕರಾರು.

ಈ ಪಯಣದಲ್ಲಿ ನಿಜವಾದ ಇಕ್ಕಟ್ಟು ಇರುವುದು ಹಾಸನದ ಈಚಿನ ಬಯಲಿನಲ್ಲಲ್ಲ, ಆಚೆಯ ಘಟ್ಟದಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. 50 ಮೀಟರಿಗೆ ಒಂದು ಮೀಟರ್ ಏರು. ಹಳಿ ಒಂದೇ. ಎದುರಿನ ಗಾಡಿಗೆ ದಾರಿ ಬಿಡಲು ಯಡಕುಮಾರಿಯಂಥ ಕಾಡಿನ ನಡುವಿನ ನಿಲ್ದಾಣದಲ್ಲಿ ಕಾಯಬೇಕು. ಸರಕಿನ ಗಾಡಿಗಳೂ ಅದೇ ಹಳಿಯ ಮೇಲೆ. ಎಷ್ಟೇ ಬೇಡಿಕೆ ಇದ್ದರೂ ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿ ಅಲ್ಲಿದೆ.

ಹಾಗಿದ್ದ ಮೇಲೆ ಯಾವ ದಾರಿ ಹತ್ತಿರ ಎಂದಷ್ಟೇ ಕೇಳಿದರೆ ಸಾಲದು. ಘಟ್ಟ ಇಳಿಯುವ ಒಂದೊಂದು ಗಾಡಿಯೂ ಎಷ್ಟು ಊರುಗಳ ಜನರನ್ನು ಹೊತ್ತು ತರುತ್ತದೆ ಎಂದು ಕೇಳಬೇಕು. ಹಗಲಿನ ಗಾಡಿ ಕುಣಿಗಲ್ ದಾರಿಯಲ್ಲಿ ಹೋಗಲಿ, ಎಚ್ಚರವಾಗಿ ಕೂತವರಿಗೆ ಪ್ರತಿ ಗಂಟೆಯೂ ಭಾರ. ರಾತ್ರಿ ಮಲಗಿದವನಿಗೆ ಎರಡು ಗಂಟೆ ಹೆಚ್ಚಾದರೆ ನಷ್ಟವೇನು? ಆ ಎರಡು ಗಂಟೆಯಲ್ಲಿ ಮಂಡ್ಯ, ಮೈಸೂರು, ಕೃಷ್ಣರಾಜನಗರ, ಹೊಳೆನರಸೀಪುರಗಳಿಗೆ ಕರಾವಳಿಯ ನೇರ ಸಂಪರ್ಕ ಸಿಗುತ್ತದೆ. ಸುರತ್ಕಲ್‌ನಲ್ಲಿ ಓದುವ ಮಂಡ್ಯದ ಹುಡುಗಿ ಪಶ್ಚಿಮಕ್ಕೆ ಹೋಗಲು ಮೊದಲು ಪೂರ್ವಕ್ಕೆ, ಬೆಂಗಳೂರಿಗೆ ಬರಬೇಕೇ?

ಕರಾವಳಿಯವರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಒಂಬತ್ತು ಗಂಟೆಯ ತರಗತಿಗೆ ಹೋಗಬೇಕಾದವನನ್ನು ಹತ್ತು ಗಂಟೆಗೆ ಇಳಿಸುವ ರೈಲು ಇದ್ದೂ ಇಲ್ಲದ ಹಾಗೆ. ಆದರೆ ಅದಕ್ಕೆ ಮದ್ದು ಹೊರಡುವ ಹೊತ್ತನ್ನು ಹಿಂದಕ್ಕೆ ತರುವುದು, ಊರುಗಳನ್ನು ಕೈಬಿಡುವುದಲ್ಲ. ಸುತ್ತಿದಷ್ಟೂ ಟಿಕೆಟ್ ದುಬಾರಿಯಾಗುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿಯುವವರಿಗೆ ಹತ್ತಿರದ ದಾರಿಯ ದರವನ್ನೇ ಹಾಕಿ ಎಂದು ಒತ್ತಾಯಿಸೋಣ, ನಾನೂ ದನಿಗೂಡಿಸುತ್ತೇನೆ.

ಸುತ್ತುದಾರಿಯ ಕಷ್ಟ ಏನೆಂದು ಮಂಗಳೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 1907ರಲ್ಲಿ ಅಲ್ಲಿಗೆ ರೈಲು ಬಂದದ್ದು ಮಲಬಾರಿನ ಕಡೆಯಿಂದ. 1979ರಲ್ಲಿ ಹಾಸನದ ಹಳಿ ಕೂಡುವವರೆಗೆ, ಅಂದರೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದವರು ಪಾಲಕ್ಕಾಡ್ ಸುತ್ತಬೇಕಿತ್ತು. ನಕ್ಷೆಯ ಅಂಚಿನಲ್ಲಿ ಉಳಿಯುವುದೆಂದರೇನು ಎಂದು ಬಲ್ಲ ಊರು ಅದು. ಆ ಊರಿನ ಹೆಸರಿನಲ್ಲಿ ಮಂಡ್ಯಕ್ಕೋ ಹೊಳೆನರಸೀಪುರಕ್ಕೋ ‘ಬೇಕಿದ್ದರೆ ಬೆಂಗಳೂರಿಗೆ ಬಂದು ಹತ್ತಿ’ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಎರಡು ತುದಿಗಳ ನಡುವಿನ ಗಂಟೆಗಳನ್ನಷ್ಟೇ ಎಣಿಸುವವರಿಗೆ ವಿಮಾನವಿದೆ. ರೈಲಿನ ಬೆಲೆ ಇರುವುದು ನಡುವಿನ ಊರುಗಳಲ್ಲಿ.