ಉರೀತಿದೆ, ಆದ್ರೆ ಕೂಗ್ತಿಲ್ಲ!

ಸ್ಟೇಜು ರೆಡಿ, ಡ್ರಮ್ಸ್ ರೆಡಿ, ಹಾಡುವವನು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದೂ ಆಯ್ತು. ಗಿಟಾರ್ ಹುಡುಗ ತಂತಿ ಮೀಟಿದ... ಊಹೂಂ! ಹಳೇ ವಾಲ್ವ್ ಆಂಪ್ಲಿಫೈಯರ್ ಒಳಗೆ ಕಿತ್ತಳೆ ಬಣ್ಣಕ್ಕೆ ಉರೀತಾ ಕೂತಿದೆ, ಸದ್ದು ಮಾತ್ರ ಇಲ್ಲ. ಹಿಂದಿನ ಸಾಲಿನವರ ಶಿಳ್ಳೆ ಶುರು!

ಆಗ ನಮ್ಮ ಹೀರೋ ಏನು ಮಾಡ್ತಾನೆ ಗೊತ್ತಾ? ಸ್ಕ್ರೂ ಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚೋಕೆ ಹೊರಡ್ತಾನೆ. ತಡೀರಿ ಸ್ವಾಮಿ! ಸ್ವಿಚ್ ಆರಿಸಿ, ಮೊದಲು ಬಡಪಾಯಿ ವಯರುಗಳನ್ನು ನೋಡಿ. ಗಿಟಾರ್ ವಯರ್ ಬದಲಿಸಿ. ಸ್ಪೀಕರ್ ವಯರ್ ಭದ್ರವಾಗಿ ಕೂತಿದೆಯಾ ನೋಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅದರ ಬೆಲೆ ಕೇಳಿದರೆ ಶಿಳ್ಳೆ ಹೊಡೆಯುವ ಸರದಿ ನಿಮ್ಮದು.

ಕಿತ್ತಳೆ ಬೆಳಕಿಗೆ ಮೋಸ ಹೋಗಬೇಡಿ. ಅದು ಬರೀ ಹೀಟರ್, ಅದಕ್ಕೆ ಸಾಮಾನ್ಯವಾಗಿ 6.3 ವೋಲ್ಟ್ ಸಾಕು. ದನಿ ಹೊರಡಿಸೋದು ಬೇರೆಯೇ, 300-400 ವೋಲ್ಟಿನ ಡಿ.ಸಿ. ಅದನ್ನು ಕೊಡುವ ರೆಕ್ಟಿಫೈಯರ್ ಸತ್ತರೂ ಉಳಿದ ವಾಲ್ವುಗಳು ಮೇಕಪ್ ಹಾಕಿಕೊಂಡ ಎಕ್ಸ್‌ಟ್ರಾಗಳ ಥರ ಮಿಂಚ್ತಾನೇ ಇರ್ತವೆ. ಡೈಲಾಗ್ ಮಾತ್ರ ಇರಲ್ಲ!

ಸದ್ದು ಬರುತ್ತೆ, ಆದ್ರೆ ಜೊತೆಗೆ ಪಟಪಟ, ಟಿಣ್ ಟಿಣ್ ಅಂತೀರಾ? ಒಣ ಮರದ ಕಡ್ಡಿಯಿಂದ ಸಣ್ಣ ವಾಲ್ವುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ. ಯಾವುದಕ್ಕೆ ಸ್ಪೀಕರ್ ಕಿರುಚುತ್ತೋ ಅವನೇ ವಿಲನ್. ಗುಂಯ್ ಅನ್ನುತ್ತಿದ್ದರೆ ಆಫ್ ಮಾಡಿ, ತಣ್ಣಗಾದ ಮೇಲೆ ಸಣ್ಣ ವಾಲ್ವುಗಳನ್ನು ತೆಗೆದು ನೋಡಿ. ಆಗಲೂ ಗುಂಯ್‌ಗುಟ್ಟಿದರೆ ಅನುಮಾನ ಮುದಿ ಫಿಲ್ಟರ್ ಕೆಪಾಸಿಟರ್ ಮೇಲೆ. ದೊಡ್ಡ ವಾಲ್ವಿನೊಳಗಿನ ತಗಡು ಕೆಂಡದ ಹಾಗೆ ಕೆಂಪಾಯಿತೋ, ಯಾವ ಪರೀಕ್ಷೆಯೂ ಬೇಡ, ತಕ್ಷಣ ಆಫ್! ಫ್ಯೂಸ್ ಹೋದರೆ ಅದೇ ಆಂಪಿಯರಿನದು ಒಂದೇ ಒಂದು ಸಲ ಹಾಕಿ. ಅದರ ಬದಲು ತಾಮ್ರದ ತಂತಿ ಸುತ್ತುವ ಮಹಾನುಭಾವರಿದ್ದಾರೆ... ಅವರ ಆಂಪೂ ಅವರ ಮನೆಯೂ ದೇವರಿಗೇ ಪ್ರೀತಿ.

ಕೆಟ್ಟದ್ದೆಲ್ಲಾ ಕೆಟ್ಟದ್ದಲ್ಲ ಅನ್ನಿ. 1951ರಲ್ಲಿ ಅಮೆರಿಕದ ಐಕ್ ಟರ್ನರ್ ತಂಡ ಮೆಂಫಿಸ್ಸಿಗೆ ರೆಕಾರ್ಡಿಂಗಿಗೆ ಬರುವಾಗ ದಾರಿಯಲ್ಲೇ ಗಿಟಾರ್ ಆಂಪ್ ಏಟು ತಿಂದಿತ್ತು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಹರಿದ ಸ್ಪೀಕರಿಗೆ ಕಾಗದ ತುರುಕಿ ‘ನುಡಿಸ್ರಪ್ಪಾ’ ಅಂದುಬಿಟ್ಟ. ಆ ಗೊಗ್ಗರು ದನಿಯ ‘ರಾಕೆಟ್ 88’ ಅಲ್ಲಿನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ನಂಬರ್ ಒನ್!

ಆದರೆ ಕಾಗದ ತುರುಕೋದು ಸ್ಪೀಕರಿಗೆ, ಒಳಗಿನ ಚಾಸಿಗಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಆ 400 ವೋಲ್ಟ್ ಕಾದು ಕೂತಿರಬಹುದು. ಒಂದು ಸಲ ಮುಟ್ಟಿದರೆ ಜೀವಕ್ಕೇ ಸಂಚಕಾರ. ಅಲ್ಲಿಗೆ ಕೈ ಹಾಕೋರು ಬೇರೆ. ಜಾಲಹಳ್ಳಿಯ ಬಿ.ಇ.ಎಲ್. ರೇಡಿಯೋ ವಾಲ್ವು ತಯಾರಿಸುತ್ತಿದ್ದ ಕಾಲದಲ್ಲಿ ಕೆಲಸ ಕಲಿತ ರೇಡಿಯೋ ರಿಪೇರಿಯವರು ಹಳೇ ಪೇಟೆಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಹುಡುಕಿ. ‘ಯಜಮಾನ್ರೇ, ಎರಡನೇ ವಾಲ್ವು ತಟ್ಟಿದ್ರೆ ಕಿರುಚುತ್ತೆ’ ಅಂತ ಇಷ್ಟು ಹೇಳಿ ಪೆಟ್ಟಿಗೆ ಇಡಿ. ಅರ್ಧ ಕೆಲಸ ಆದ ಹಾಗೆ.